ಗಾಂಧೀಜಿಯ ನಾಚಿಕೆ, ಮನೆಮಕ್ಕಳ ಅಕ್ಷರ

1893ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋದಾಗ ಮೋಹನದಾಸ ಗಾಂಧಿಯವರಿಗೆ 23 ವರ್ಷ. ಲಂಡನ್ನಿನಲ್ಲಿ ಓದಿ ಬ್ಯಾರಿಸ್ಟರ್ ಆಗಿದ್ದವರು. ಅಲ್ಲಿನ ವಕೀಲರ, ಅಲ್ಲೇ ಹುಟ್ಟಿ ಬೆಳೆದು ಓದಿದ ತರುಣರ ಮುತ್ತು ಪೋಣಿಸಿದಂಥ ಅಕ್ಷರಗಳನ್ನು ಕಂಡಾಗ ಅವರಿಗೆ ತಮ್ಮ ಬರಹದ ಬಗ್ಗೆ ನಾಚಿಕೆಯಾಯಿತು. ಒಳ್ಳೆಯ ಅಕ್ಷರ ವಿದ್ಯೆಯ ಭಾಗವೇನೂ ಅಲ್ಲ ಎಂಬ ಎಣಿಕೆ ಹುಡುಗನಾಗಿದ್ದಾಗ ಎಲ್ಲಿಂದಲೋ ಬಂದು ತಲೆಯಲ್ಲಿ ಕೂತಿತ್ತು, ವಿಲಾಯಿತಿಗೆ ಹೋಗುವವರೆಗೂ ಹೋಗಲಿಲ್ಲ ಎಂದು ಆತ್ಮಕಥೆಯಲ್ಲಿ ಅವರು ಒಪ್ಪಿಕೊಳ್ಳುತ್ತಾರೆ. ಆಮೇಲೆ ತಿದ್ದಿಕೊಳ್ಳಲು ನೋಡಿದರು. ಹೊತ್ತು ಮೀರಿತ್ತು ಎನ್ನುತ್ತಾರೆ.

ಈ ಪ್ರಸಂಗದಿಂದ ಅವರು ಎರಡು ತೀರ್ಮಾನಗಳಿಗೆ ಬಂದರು. ಕೆಟ್ಟ ಅಕ್ಷರ ಅರೆಬರೆ ವಿದ್ಯೆಯ ಗುರುತು ಎಂಬುದು ಮೊದಲನೆಯದು. ಶಾಲೆಯ ಗೋಡೆಗಳ ಮೇಲೆ, ಅಪ್ಪ-ಅಮ್ಮಂದಿರ ಬೈಗುಳದಲ್ಲಿ ಉಳಿದುಕೊಂಡಿರುವುದು ಇದೇ. ಎರಡನೆಯದನ್ನು ನೆನಪಿಟ್ಟವರು ಕಡಿಮೆ: ಮಕ್ಕಳಿಗೆ ಮೊದಲು ಚಿತ್ರ ಬಿಡಿಸಲು ಕಲಿಸಬೇಕು, ಹೂವನ್ನೋ ಹಕ್ಕಿಯನ್ನೋ ನೋಡಿ ಗುರುತಿಸುವಂತೆ ಅಕ್ಷರವನ್ನೂ ಅವರು ಮೊದಲು ನೋಡಬೇಕು, ಬರವಣಿಗೆ ಆಮೇಲೆ. ಮೊದಲನೆಯ ಮಾತು ಹುಡುಗನಲ್ಲಿ ಕೊರತೆ ಕಾಣುತ್ತದೆ, ಎರಡನೆಯದು ಕಲಿಸಿದ ರೀತಿಯಲ್ಲಿ. ಕೈಬರಹದ ಚರಿತ್ರೆಯನ್ನು ತಿರುವಿ ನೋಡಿದರೆ ಅದು ಎರಡನೆಯ ಮಾತಿನ ಪರವಾಗಿಯೇ ನಿಲ್ಲುತ್ತದೆ.

1522ರ ತಾರೀಖು ಹೊತ್ತ ‘ಲಾ ಒಪೆರಿನಾ’ ಎಂಬ ಸಣ್ಣ ಪುಸ್ತಕ ರೋಮ್ ನಗರದ್ದು. ಪೋಪರ ಕಚೇರಿಯಲ್ಲಿ ಬರಹಗಾರನಾಗಿದ್ದ ಲುಡೊವಿಕೊ ಅರ್ರಿಗಿ ಅದನ್ನು ಸಿದ್ಧಪಡಿಸಿದ. ಮರದ ಹಲಗೆಯಲ್ಲಿ ಕೆತ್ತಿ ಅಚ್ಚು ಹಾಕಿದ ಈ ಪುಸ್ತಕದಿಂದಾಗಿ ಕಚೇರಿಯ ಓರೆ ಅಕ್ಷರವನ್ನು ಗುರುವಿಲ್ಲದೆಯೂ ಮನೆಯಲ್ಲಿ ಕಲಿಯುವಂತಾಯಿತು. ಅರ್ರಿಗಿ ನೇರವಾಗಿ ಅಕ್ಷರಮಾಲೆಗೆ ಹೋಗುವುದಿಲ್ಲ. ಮೊದಲು ತೋರಿಸುವುದು ಎರಡೇ ಗೆರೆ: ಒಂದು ಅಡ್ಡಲಾದ ದಪ್ಪ ಗೆರೆ, ಇನ್ನೊಂದು ಓರೆಯಾದ ತೆಳು ಗೆರೆ. ಅಕ್ಷರಗಳೆಲ್ಲ ಇವುಗಳಿಂದಲೇ ಶುರುವಾಗುತ್ತವೆ ಎನ್ನುತ್ತಾನೆ.

ನಮ್ಮ ಪಕ್ಕದ ಮರಾಠಿಯಲ್ಲೂ ಇಂಥದೊಂದು ಪಾಠವಿದೆ. 17ನೇ ಶತಮಾನದ ಸಮರ್ಥ ರಾಮದಾಸರ ‘ದಾಸಬೋಧ’ ಅಧ್ಯಾತ್ಮದ ಗ್ರಂಥ. ಆದರೂ ಅದರ 19ನೇ ದಶಕದ ಮೊದಲ ಸಮಾಸ ಪೂರ್ತಿ ಬರವಣಿಗೆಗೇ ಮೀಸಲು. ಅಕ್ಷರ ದುಂಡಗೆ, ನೆಟ್ಟಗೆ, ಬಿಡಿಬಿಡಿಯಾಗಿರಲಿ, ಶಾಯಿ ಕಪ್ಪಾಗಿರಲಿ. ಹಾಳೆಗೆ ಮೊದಲು ಗೆರೆ ಹಾಕಿಕೊಳ್ಳಿ. ಒಂದು ಸಾಲು ಇನ್ನೊಂದಕ್ಕೆ ತಾಗದಿರಲಿ. ಸುತ್ತ ಅಂಚು ಬಿಡಿ. ವಯಸ್ಸಿನ ಹುರುಪಿನಲ್ಲಿ ತೀರಾ ಸಣ್ಣಗೆ ಬರೆದರೆ ಮುಪ್ಪಿನಲ್ಲಿ ಅದು ಉಪಯೋಗಕ್ಕೆ ಬಾರದು, ಹದವಾದ ಗಾತ್ರದಲ್ಲಿ ಬರೆಯಿರಿ. ಇದರಲ್ಲಿ ಒಂದೂ ‘ಚೆಂದ ಬರಿ’ ಎಂಬಂಥ ಬರಿಮಾತಲ್ಲ. ಪ್ರತಿಯೊಂದೂ ಕೈಗೆ ಒಂದು ಕೆಲಸ ಹೇಳುತ್ತದೆ.

ಗಾಂಧೀಜಿಯ ಎರಡನೆಯ ಮಾತಿಗೆ ಹತ್ತಿರವಾದದ್ದು ಇಂಗ್ಲೆಂಡಿನ ಚಿತ್ರಕಲಾ ಶಿಕ್ಷಕಿ ಮೇರಿಯನ್ ರಿಚರ್ಡ್‌ಸನ್ ಅವರ ಪಾಠಕ್ರಮ. 1935ರಲ್ಲಿ ಪ್ರಕಟವಾದ ಅವರ ಬರವಣಿಗೆಯ ಪುಸ್ತಕಗಳಲ್ಲಿ ಮಕ್ಕಳು ಅಲೆ, ಕಮಾನು, ಸುರುಳಿಗಳನ್ನು ಒಂದೇ ಲಯದಲ್ಲಿ ಸಾಲಾಗಿ ಬರೆಯುತ್ತಾರೆ. ಕೈಗೆ ಸಹಜವಾದ ಆ ಚಲನೆಯಿಂದಲೇ ಅಕ್ಷರಗಳು ಮೂಡಬೇಕು ಎಂಬುದು ಅವರ ನಂಬಿಕೆ.

ಹದಿನೈದರ ಹುಡುಗನದೋ ಹುಡುಗಿಯದೋ ಅಕ್ಷರ ಮನೆಯಲ್ಲೇ ಸುಧಾರಿಸಬೇಕು ಎನ್ನುವವರಿಗೆ ಈ ಹಳಬರೆಲ್ಲ ಹೇಳುವುದು ಹೆಚ್ಚುಕಡಿಮೆ ಒಂದೇ. ಆ ವಯಸ್ಸಿನಲ್ಲಿ ಬರೆಯಬೇಕಾದ್ದು ಹೆಚ್ಚು, ಸಮಯ ಕಡಿಮೆ. ಅವಸರಕ್ಕೆ ಆಕಾರ ಕರಗುತ್ತದೆ. ಇಡೀ ಪುಟವನ್ನು ‘ಕಾಗೆ ಕಾಲು ಗುಬ್ಬಿ ಕಾಲು’ ಎಂದು ಹಳಿಯುವುದರಿಂದ ಏನೂ ತಿಳಿಯುವುದಿಲ್ಲ. ಯಾವ ಅಕ್ಷರ ಕೆಟ್ಟಿದೆ ಎಂದು ಜೊತೆಗೆ ಕೂತು ಹುಡುಕಬೇಕು. ಕನ್ನಡದಲ್ಲಾದರೆ ದ, ಧ, ಥಗಳ ನಡುವೆ ಇರುವುದು ಒಂದು ಸೀಳು, ಒಂದು ಚುಕ್ಕೆ. ಪ, ಫ, ಷಗಳದ್ದೂ ಅದೇ ಕಥೆ. ಒತ್ತಕ್ಷರ ಸಾಲಿನ ಕೆಳಗೆ ಇಳಿಯುವುದರಿಂದ ಸಾಲುಗಳ ನಡುವೆ ಜಾಗ ಬೇಕು, ಇಲ್ಲದಿದ್ದರೆ ಮೇಲಿನ ಒತ್ತು ಕೆಳಗಿನ ತಲೆಕಟ್ಟಿಗೆ ಡಿಕ್ಕಿ ಹೊಡೆಯುತ್ತದೆ. ಎಷ್ಟೋ ಸಲ ಕೆಟ್ಟದಾಗಿ ಕಾಣುವ ಪುಟದಲ್ಲಿ ನಿಜಕ್ಕೂ ಕೆಟ್ಟಿರುವುದು ನಾಲ್ಕೈದು ಅಕ್ಷರ ಮತ್ತು ಸಾಲಿನ ಅಂತರ. ಅಷ್ಟನ್ನೇ ದಿನಕ್ಕೆ ಕಾಲು ಗಂಟೆ, ನಿಧಾನವಾಗಿ, ದೊಡ್ಡದಾಗಿ ಬರೆದು ರೂಢಿಸಿಕೊಳ್ಳಬೇಕು. ವೇಗ ಆಮೇಲೆ. ಹೊರರಾಜ್ಯದ ಮನೆಗಳಲ್ಲಿ, ಶಾಲೆಯಲ್ಲಿ ಕನ್ನಡವೇ ಇಲ್ಲದ ಮಕ್ಕಳಿಗೆ ಹೀಗೆ ಜೊತೆಗೆ ಕೂರುವವರು ಮನೆಯವರಲ್ಲದೆ ಬೇರೆ ಯಾರೂ ಇರುವುದಿಲ್ಲ.

ಹೊತ್ತು ಮೀರಿತು ಎಂದ ಗಾಂಧೀಜಿಯ ಕೈ ಆಮೇಲೆ ಏನು ಮಾಡಿತು ಎಂಬುದನ್ನೂ ನೋಡಬೇಕು. 1909ರ ನವೆಂಬರಿನಲ್ಲಿ ಇಂಗ್ಲೆಂಡಿನಿಂದ ದಕ್ಷಿಣ ಆಫ್ರಿಕಾಕ್ಕೆ ಮರಳುತ್ತ ‘ಕಿಲ್ಡೊನನ್ ಕ್ಯಾಸಲ್’ ಹಡಗಿನಲ್ಲಿ ಅವರು ‘ಹಿಂದ್ ಸ್ವರಾಜ್’ ಬರೆದರು. ಹತ್ತು ದಿನದಲ್ಲಿ 275 ಪುಟ. ಬಲಗೈ ಸೋತಾಗ ನಿಲ್ಲಿಸಲಿಲ್ಲ, ಎಡಗೈಯಲ್ಲಿ ಮುಂದುವರಿಸಿದರು. ಸುಮಾರು 40 ಪುಟ ಎಡಗೈಯದು. ಆ ಅಕ್ಷರ ಮುತ್ತಿನಂತಿಲ್ಲದಿರಬಹುದು. ಆದರೆ ನಲವತ್ತು ದಾಟಿದ ಮೇಲೂ ಎರಡನೆಯ ಕೈಯಿಂದ ಬರೆಸಬಲ್ಲ ಮನುಷ್ಯ ಹೊತ್ತು ಮೀರಿತು ಎಂದದ್ದನ್ನು ಹದಿಹರೆಯದವರು ಅಷ್ಟಾಗಿ ನಂಬಬೇಕಿಲ್ಲ.

ಕನ್ನಡದಲ್ಲಿ ಅಕ್ಷರವನ್ನು ‘ತಿದ್ದು’ತ್ತಾರೆ. ಮರಳಿನ ಮೇಲೋ ಅಕ್ಕಿಯ ಮೇಲೋ ಬರೆದ ‘ಅ’ದ ಮೇಲೆ ಮಗುವಿನ ಬೆರಳು ಹಿಡಿದು ಮತ್ತೆ ಮತ್ತೆ ಬರೆಸುವುದಕ್ಕೂ ಅದೇ ಮಾತು, ತಪ್ಪನ್ನು ಸರಿಪಡಿಸುವುದಕ್ಕೂ ಅದೇ ಮಾತು. ಆ ಎರಡು ಅರ್ಥಗಳು ಬೇರೆಯಾದದ್ದು ನಾವು ಬೆರಳು ಬಿಟ್ಟು ಕೆಂಪು ಪೆನ್ನು ಹಿಡಿದ ಮೇಲೆ. ಹದಿನೈದರ ಮಗ ಬೆರಳು ಹಿಡಿಯಗೊಡುವುದಿಲ್ಲ, ನಿಜ. ಪಕ್ಕದಲ್ಲಿ ಕೂರಲು ಬೇಡ ಎನ್ನಲಿಕ್ಕಿಲ್ಲ.