ಫ್ಲಾರೆನ್ಸ್, ಕಲ್ಯಾಣ, ಬೀದರ್: ಕನ್ನಡ ಐತಿಹಾಸಿಕ ಕಾದಂಬರಿಯ ದಾರಿ

ಕನ್ನಡದಲ್ಲಿ ಐತಿಹಾಸಿಕ ಕಾದಂಬರಿ ಬೇರೂರಿದ್ದು ಅನುವಾದಗಳ ಮೂಲಕ. ಬಂಕಿಮಚಂದ್ರರನ್ನು ಬಿ. ವೆಂಕಟಾಚಾರ್ಯರೂ ಹರಿ ನಾರಾಯಣ ಆಪ್ಟೆಯವರನ್ನು ಗಳಗನಾಥರೂ ಕನ್ನಡಕ್ಕೆ ತಂದರು. ಗಳಗನಾಥರು ಮುಂದೆ ವಿಜಯನಗರದ ಹುಟ್ಟನ್ನು 'ಮಾಧವ ಕರುಣಾ ವಿಲಾಸ'ದಲ್ಲಿ ಸ್ವತಂತ್ರವಾಗಿ ಬರೆದರು. ನಂತರದ ಪೀಳಿಗೆಯಲ್ಲಿ ಒಬ್ಬೊಬ್ಬ ಲೇಖಕನಿಗೂ ಒಂದೊಂದು ಸೀಮೆ ಒಲಿಯಿತು: ಮಾಸ್ತಿಯವರಿಗೆ ಬಿದನೂರು ಮತ್ತು ಕೊಡಗು, ತ.ರಾ.ಸು. ಅವರಿಗೆ ಚಿತ್ರದುರ್ಗ.

ಈ ಸಾಲಿನಲ್ಲಿ ಎಲ್ಲರಿಗಿಂತ ದೂರ ಹೋದವರು ಕೆ.ವಿ. ಅಯ್ಯರ್. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸುತ್ತಿದ್ದ, ಅಂಗಸಾಧನೆಯ ಬಗ್ಗೆ ಪುಸ್ತಕಗಳನ್ನು ಬರೆದ, ಟಿ.ಪಿ. ಕೈಲಾಸಂ ಅವರ ಒಡನಾಡಿಯಾಗಿದ್ದ ಅಯ್ಯರ್ 'ರೂಪದರ್ಶಿ'ಗೆ ಆರಿಸಿಕೊಂಡದ್ದು ಪುನರುಜ್ಜೀವನ ಕಾಲದ ಇಟಲಿಯನ್ನು. ಯೇಸುವಿನ ಬದುಕನ್ನು ಚಿತ್ರಿಸಲು ಹೊರಟ ಮೈಕೆಲೇಂಜಲೋ ಬಾಲಯೇಸುವಿಗೆ ಒಬ್ಬ ಮುದ್ದು ಹುಡುಗನನ್ನು ರೂಪದರ್ಶಿಯಾಗಿ ಕೂರಿಸುತ್ತಾನೆ. ವರ್ಷಗಳು ಉರುಳಿ, ದ್ರೋಹಿ ಜೂದಾಸನ ಮುಖಕ್ಕಾಗಿ ಹುಡುಕುವಾಗ ಸಿಗುವವನೂ ಅದೇ ಹುಡುಗ, ಬದುಕು ಕೆಟ್ಟು ಬೇರೆಯೇ ಆದವನು. ಯುರೋಪಿನಲ್ಲಿ ಈ ದಂತಕಥೆಯನ್ನು ಸಾಮಾನ್ಯವಾಗಿ ಲಿಯೊನಾರ್ಡೊ ಡಾ ವಿಂಚಿ ಮತ್ತು ಮಿಲಾನಿನ 'ಕೊನೆಯ ಭೋಜನ' ಚಿತ್ರಕ್ಕೆ ಅಂಟಿಸಿ ಹೇಳುತ್ತಾರೆ. ಅದಕ್ಕೆ ಚರಿತ್ರೆಯ ಆಧಾರವಿಲ್ಲ. ಆದರೂ ಕಾದಂಬರಿ ನಿಲ್ಲುವುದು ಮುಖದ ಮೇಲೆ ಬದುಕು ಬರೆಯುವ ಲಿಪಿಯನ್ನು ಅದು ಓದುವ ಬಗೆಯಿಂದ. ಮೈಕಟ್ಟನ್ನು ದಿನವೂ ಪರೀಕ್ಷಿಸುತ್ತಿದ್ದ ಕಣ್ಣಿಗೆ ಈ ವಸ್ತು ಹಿಡಿಸಿದ್ದು ಸಹಜ. ಮುಂದೆ 'ಶಾಂತಲಾ' ಕಾದಂಬರಿಯಲ್ಲಿ ಅಯ್ಯರ್ ಹೊಯ್ಸಳರ ಕಾಲಕ್ಕೆ ಬಂದರೂ ಕಲೆಯ ಮೇಲಿನ ಒಲವು ಬಿಡಲಿಲ್ಲ.

ಬೀದರ್ ಸೀಮೆಯ ಚರಿತ್ರೆ ಕಾದಂಬರಿಗೆ ಬಂದದ್ದು ಅದೇ ಸೀಮೆಯ, ಬಸವಣ್ಣನವರ ಕಲ್ಯಾಣದ ಹಾದಿಯಿಂದ. ಅದಕ್ಕೆ ಮೊದಲು ಆಕರಗಳು ಬೇಕಿದ್ದವು. ಫ.ಗು. ಹಳಕಟ್ಟಿಯವರು ತಾಳೆಗರಿಗಳಿಂದ ವಚನಗಳನ್ನು ಸಂಗ್ರಹಿಸಿ 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಪ್ರಕಟಿಸಿದ ಮೇಲೆ ಹನ್ನೆರಡನೆಯ ಶತಮಾನದ ಶರಣರು ತಮ್ಮದೇ ಮಾತಿನಲ್ಲಿ ಎದುರಾದರು. ಗುಬ್ಬಿ ಕಂಪನಿಗೆ ನಾಟಕ ಬರೆದು ಪಳಗಿದ್ದ ಬಿ. ಪುಟ್ಟಸ್ವಾಮಯ್ಯ ಈ ವಸ್ತುವನ್ನು 'ಉದಯರವಿ'ಯಿಂದ 'ಕ್ರಾಂತಿ ಕಲ್ಯಾಣ'ದವರೆಗೆ ಆರು ಕಾದಂಬರಿಗಳ ಮಾಲೆಯಾಗಿ ಹೆಣೆದರು. ಕಲ್ಯಾಣದ ದೊರೆ ಬಿಜ್ಜಳನ ಅರಮನೆಯ ಒಳಸಂಚು, ಬಸವಣ್ಣನವರ ಸುತ್ತ ಕಟ್ಟಿಕೊಂಡ ಸಮುದಾಯ, ಅದರ ಮೇಲೆರಗಿದ ಹಿಂಸೆ, ಎಲ್ಲಕ್ಕೂ ಇಷ್ಟು ವಿಸ್ತಾರ ಅಗತ್ಯವೇ ಆಗಿತ್ತು. 'ಕ್ರಾಂತಿ ಕಲ್ಯಾಣ'ಕ್ಕೆ 1964ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆಮೇಲೆ ಇದೇ ಕಲ್ಯಾಣವನ್ನು ರಂಗದ ಮೇಲೆ ತಂದವರು ಲಂಕೇಶ್ ('ಸಂಕ್ರಾಂತಿ'), ಎಚ್.ಎಸ್. ಶಿವಪ್ರಕಾಶ್ ('ಮಹಾಚೈತ್ರ') ಮತ್ತು ಗಿರೀಶ ಕಾರ್ನಾಡ ('ತಲೆದಂಡ').

ಇವರೆಲ್ಲ ಕಲ್ಯಾಣವನ್ನು ಬರೆದದ್ದು ಹೊರಗಿನಿಂದ. ಸೀಮೆಯ ಒಳಗಿನಿಂದಲೇ ಬರೆಯುವವರು ಬಾರದಿದ್ದುದಕ್ಕೆ ಕಾರಣ ಪ್ರತಿಭೆಯ ಕೊರತೆಯಲ್ಲ, ಶಾಲೆ. ನಿಜಾಮರ ಆಳ್ವಿಕೆಯಲ್ಲಿದ್ದ ಬೀದರಿನಲ್ಲಿ ಕಲಿಕೆಯೂ ಕಚೇರಿಯೂ ಉರ್ದುವಿನಲ್ಲಿದ್ದವು. ಔರಾದ ಸೀಮೆಯ ಕಮಲನಗರದಲ್ಲಿ 1889ರಲ್ಲಿ ಹುಟ್ಟಿ ಭಾಲ್ಕಿ ಹಿರೇಮಠದ ಪೀಠಕ್ಕೆ ಬಂದ ಚನ್ನಬಸವ ಪಟ್ಟದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರುವವರೆಗೆ ಇಲ್ಲಿ ಕನ್ನಡ ಓದುಗನನ್ನು ಉಳಿಸಿಕೊಳ್ಳುವುದೇ ದೊಡ್ಡ ಕೆಲಸವಾಗಿತ್ತು. ಧಾರವಾಡ, ಮೈಸೂರುಗಳ ಲೇಖಕರಿಗೆ ಅಂಥ ಹೊರೆ ಇರಲಿಲ್ಲ.

ವಿಜಯನಗರಕ್ಕೆ, ಚಿತ್ರದುರ್ಗಕ್ಕೆ ಸಿಕ್ಕಷ್ಟು ಕಾದಂಬರಿಗಳು ಬಹಮನಿ ಬೀದರಿಗೆ ಸಿಕ್ಕಿಲ್ಲ. ಅಯ್ಯರ್ ದೂರದಲ್ಲಿ ಅರಸಿದ ಬಗೆಯ ವಸ್ತು ಈ ಕೋಟೆಯೂರಿನಲ್ಲೂ ಇದೆ, ಕಾಲವೂ ಹೆಚ್ಚು ಕಡಿಮೆ ಅದೇ. ಮೈಕೆಲೇಂಜಲೋ ಹುಟ್ಟುವುದಕ್ಕೆ ಮೂರು ವರ್ಷ ಮೊದಲು, 1472ರಲ್ಲಿ, ಇರಾನಿನ ಗಿಲಾನಿನಿಂದ ಬಂದು ಬಹಮನಿ ಮಂತ್ರಿಯಾದ ಮಹಮೂದ್ ಗವಾನ್ ಬೀದರಿನಲ್ಲಿ ಬಣ್ಣದ ಹೆಂಚುಗಳ ಮದರಸಾ ಕಟ್ಟಿಸಿದ. ರಷ್ಯದ ವ್ಯಾಪಾರಿ ಅಫನಾಸಿ ನಿಕಿತಿನ್ ಆ ದಿನಗಳ ಬೀದರನ್ನು ಕಂಡು ದಾಖಲಿಸಿದ. 'ರಿಯಾಜ್-ಉಲ್-ಇನ್ಶಾ' ಎಂಬ ಗವಾನನ ಪಾರಸಿ ಪತ್ರಸಂಗ್ರಹದಲ್ಲಿ ಅಟ್ಟೊಮನ್ ಸುಲ್ತಾನ ಎರಡನೆಯ ಮೆಹಮ್ಮದನಿಗೆ ಬರೆದ ಪತ್ರಗಳೂ ಇವೆ. 1480ರಲ್ಲಿ ವೆನಿಸ್ಸಿನ ಜೆಂಟಿಲೆ ಬೆಲ್ಲಿನಿ ಭಾವಚಿತ್ರ ಬರೆದದ್ದು ಇದೇ ಸುಲ್ತಾನನದು. ಮರುವರ್ಷ, ಹಗೆಗಳು ಹೆಣೆದ ಸುಳ್ಳು ಪತ್ರವೊಂದನ್ನು ನಂಬಿದ ಬಹಮನಿ ಸುಲ್ತಾನ ಗವಾನನ ತಲೆ ತೆಗೆಸಿದ.

ಊರ ಹೊರಗಿನ ಅಷ್ಟೂರಿನಲ್ಲಿ ಅಹಮದ್ ಶಾಹನ ಗೋರಿಯ ಒಳಗೋಡೆಗಳ ಬಣ್ಣ ಇನ್ನೂ ಮಾಸಿಲ್ಲ. ಬೀದರನ್ನು ರಾಜಧಾನಿ ಮಾಡಿದ ಆ ಸುಲ್ತಾನನನ್ನು ಮುಸ್ಲಿಮರು ವಲಿ ಎಂದೂ ಲಿಂಗಾಯತರು ಅಲ್ಲಮಪ್ರಭು ಎಂದೂ ನಂಬಿ ಒಂದೇ ಜಾತ್ರೆಯಲ್ಲಿ ಕೂಡುತ್ತಾರೆ. ಶಾಸನ, ವಚನ, ಪಾರಸಿ ಪತ್ರ, ಜನರ ನಂಬಿಕೆ ಒಂದೆಡೆ ಇರುವ ಇಂಥ ನೆಲ ಕನ್ನಡನಾಡಿನಲ್ಲಿ ಹೆಚ್ಚಿಲ್ಲ. ಅದನ್ನು ಬರೆಯುವವರಿಗೆ ಕನ್ನಡದ ಜೊತೆ ಪಾರಸಿ, ಉರ್ದು, ಮರಾಠಿಗಳೂ ಬೇಕು. ವಸುಧೇಂದ್ರರ 'ತೇಜೋ ತುಂಗಭದ್ರಾ' (2019) ಲಿಸ್ಬನ್ನನ್ನೂ ವಿಜಯನಗರವನ್ನೂ ಒಂದೇ ಕಥೆಯಲ್ಲಿ ತಂದಿರುವುದರಿಂದ, ಯುರೋಪು ಮತ್ತು ದಖನ್ನಿನ ಬದುಕನ್ನು ಜೋಡಿಸಿ ಬರೆಯುವ ಮಾದರಿಯೂ ಈಗ ಕನ್ನಡದಲ್ಲಿದೆ.