ಮೈಕ್ರೋಸಾಫ್ಟ್‌ನ ಆರಂಭಿಕ ತಂತ್ರಾಂಶಗಳ ಮೂಲ

ಮೈಕ್ರೋಸಾಫ್ಟ್ ಕಂಪನಿಗೆ ಹೆಸರು ತಂದುಕೊಟ್ಟ ಆರಂಭಿಕ ತಂತ್ರಾಂಶಗಳಲ್ಲಿ ಹಲವು ಮೊದಲು ರೂಪುಗೊಂಡದ್ದು ಬೇರೆಯವರ ಕೈಯಲ್ಲಿ. ಕೆಲವನ್ನು ಅದು ಪರವಾನಗಿಯ ಮೇಲೆ ಪಡೆಯಿತು, ಕೆಲವನ್ನು ಪೂರ್ತಿಯಾಗಿ ಕೊಂಡುಕೊಂಡಿತು.

1975ರಲ್ಲಿ ಬಿಲ್ ಗೇಟ್ಸ್ ಮತ್ತು ಪಾಲ್ ಅಲೆನ್ ಆಲ್ಟೇರ್ 8800 ಗಣಕಕ್ಕಾಗಿ ಬರೆದುಕೊಟ್ಟದ್ದು ಬೇಸಿಕ್ ಭಾಷೆಯ ಇಂಟರ್‌ಪ್ರಿಟರ್. ಆ ಭಾಷೆಯನ್ನು ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಜ್ 1964ರಲ್ಲೇ ಡಾರ್ಟ್‌ಮತ್ ಕಾಲೇಜಿನಲ್ಲಿ ರೂಪಿಸಿದ್ದರು. ಆದರೆ ಅದನ್ನು ಕೇವಲ 4 ಕಿಲೋಬೈಟ್ ಮೆಮೊರಿಯಲ್ಲಿ ಹಿಡಿಸಿದ ಜಾಣ್ಮೆ ಗೇಟ್ಸ್, ಅಲೆನ್ ಹಾಗೂ ಅವರಿಗೆ ನೆರವಾದ ಮಾಂಟಿ ಡೇವಿಡಾಫ್ ಅವರದೇ.

ಆಪರೇಟಿಂಗ್ ಸಿಸ್ಟಂ ಆದ ಡಾಸ್‌ನ ಕಥೆ ಬೇರೆ. 1980ರಲ್ಲಿ ಐಬಿಎಂ ತನ್ನ ಪಿಸಿಗೆ ಆಪರೇಟಿಂಗ್ ಸಿಸ್ಟಂ ಹುಡುಕುತ್ತಿದ್ದಾಗ ಮೈಕ್ರೋಸಾಫ್ಟ್ ಬಳಿ ಅದಕ್ಕೆ ಹೊಂದುವಂಥದ್ದು ಇರಲಿಲ್ಲ. ಆಗ ಹೆಚ್ಚು ಬಳಕೆಯಲ್ಲಿದ್ದುದು ಗ್ಯಾರಿ ಕಿಲ್ಡಾಲ್ ಅವರ ಸಿಪಿ/ಎಂ. 8086 ಚಿಪ್‌ಗೆ ಹೊಂದುವ ಅದರ ಆವೃತ್ತಿ ಬರುವುದು ತಡವಾಗುತ್ತಿತ್ತು. ಕಾಯಲಾಗದೆ ಸಿಯಾಟಲ್ ಕಂಪ್ಯೂಟರ್ ಪ್ರಾಡಕ್ಟ್ಸ್ ಎಂಬ ಸಣ್ಣ ಕಂಪನಿಯ ಟಿಮ್ ಪ್ಯಾಟರ್ಸನ್ ಆ ವರ್ಷವೇ ಕ್ಯೂಡಾಸ್ ಬರೆದರು. ಮುಂದೆ ಅದು 86-ಡಾಸ್ ಆಯಿತು. ಹಳೆಯ ಪ್ರೋಗ್ರಾಂಗಳನ್ನು ಸುಲಭವಾಗಿ ಹೊಂದಿಸಿಕೊಳ್ಳಲೆಂದು ಅವರು ಸಿಪಿ/ಎಂ ವಿಧಾನವನ್ನೇ ಅನುಸರಿಸಿದರು. ಡಿಸ್ಕಿನಲ್ಲಿ ಕಡತಗಳ ಲೆಕ್ಕವಿಡುವ ಫ್ಯಾಟ್ ಪದ್ಧತಿಯನ್ನು ಮಾತ್ರ ಮೈಕ್ರೋಸಾಫ್ಟ್‌ನ ಡಿಸ್ಕ್ ಬೇಸಿಕ್‌ನಿಂದ ತೆಗೆದುಕೊಂಡರು. ಡಾಸ್ ಕದ್ದ ಮಾಲು ಎನ್ನುವವರು ಈ ಕೊಡುಕೊಳ್ಳುವಿಕೆಯನ್ನು ಮರೆಯಬಾರದು.

1980ರ ಡಿಸೆಂಬರಿನಲ್ಲಿ 25,000 ಡಾಲರಿಗೆ 86-ಡಾಸ್‌ನ ಪರವಾನಗಿ ಪಡೆದ ಮೈಕ್ರೋಸಾಫ್ಟ್, 1981ರ ಜುಲೈಯಲ್ಲಿ ಇನ್ನೂ 50,000 ಡಾಲರ್ ಕೊಟ್ಟು ಹಕ್ಕನ್ನೇ ಕೊಂಡಿತು. ಗಿರಾಕಿ ಐಬಿಎಂ ಎಂಬ ಗುಟ್ಟನ್ನು ಪರವಾನಗಿ ಪಡೆಯುವಾಗ ಮಾರಿದವರಿಗೆ ತಿಳಿಸಿರಲಿಲ್ಲ. ಆಗಸ್ಟ್ 12ರಂದು ಈ ತಂತ್ರಾಂಶದೊಂದಿಗೆ ಐಬಿಎಂ ಪಿಸಿ ಬಿಡುಗಡೆಯಾಯಿತು. ಅದೇ ತಂತ್ರಾಂಶವನ್ನು ಇತರ ಗಣಕ ತಯಾರಕರಿಗೂ ಮಾರುವ ಹಕ್ಕನ್ನು ಮೈಕ್ರೋಸಾಫ್ಟ್ ತನ್ನಲ್ಲೇ ಉಳಿಸಿಕೊಂಡಿತ್ತು. ಕಂಪನಿಯ ಸಂಪತ್ತು ಬೆಳೆದದ್ದು ಕರಾರಿನ ಈ ಒಂದು ಅಂಶದಿಂದ. ಪ್ಯಾಟರ್ಸನ್ ಹೆಸರು ಇಂದಿಗೂ ಬಳಕೆದಾರರಿಗೆ ಅಷ್ಟಾಗಿ ಗೊತ್ತಿಲ್ಲದಿರುವುದು ಅನ್ಯಾಯವೇ ಸರಿ.

ಮೈಕ್ರೋಸಾಫ್ಟ್‌ನ ಇನ್ನೊಂದು ಆಪರೇಟಿಂಗ್ ಸಿಸ್ಟಂ ಜೆನಿಕ್ಸ್ ಕೂಡ ಎಟಿ ಅಂಡ್ ಟಿಯ ಯುನಿಕ್ಸ್‌ನಿಂದ ಬಂತು. 1983ರ ವರ್ಡ್ ಕಂಪನಿಯೊಳಗೇ ತಯಾರಾದರೂ ಅದರ ಕಲ್ಪನೆ ಜೆರಾಕ್ಸ್‌ನ ಪಾರ್ಕ್ ಪ್ರಯೋಗಾಲಯದ್ದು: ಅಲ್ಲಿ ಬ್ರಾವೊ ಎಂಬ ಬರಹ ತಂತ್ರಾಂಶ ಕಟ್ಟಿದ್ದ ಚಾರ್ಲ್ಸ್ ಸಿಮೊನಿ 1981ರಲ್ಲಿ ಮೈಕ್ರೋಸಾಫ್ಟ್ ಸೇರಿದ್ದರು. ಪವರ್‌ಪಾಯಿಂಟ್ ಅನ್ನು ರಾಬರ್ಟ್ ಗ್ಯಾಸ್ಕಿನ್ಸ್ ಮತ್ತು ಡೆನಿಸ್ ಆಸ್ಟಿನ್ ಫೋರ್‌ಥಾಟ್ ಕಂಪನಿಯಲ್ಲಿ, ಅದೂ ಆಪಲ್‌ನ ಮ್ಯಾಕಿಂಟಾಷ್‌ಗಾಗಿ ರೂಪಿಸಿದ್ದರು. 1987ರಲ್ಲಿ ಮೈಕ್ರೋಸಾಫ್ಟ್ 1.4 ಕೋಟಿ ಡಾಲರಿಗೆ ಆ ಕಂಪನಿಯನ್ನೇ ಕೊಂಡಿತು.

1995ರ ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ಗೆ ಆಧಾರವಾದದ್ದು ಸ್ಪೈಗ್ಲಾಸ್ ಕಂಪನಿಯಿಂದ ಪರವಾನಗಿ ಪಡೆದ ಮೊಸಾಯಿಕ್ ಬ್ರೌಸರ್. ಬ್ರೌಸರ್ ಮಾರಾಟದಲ್ಲಿ ಸ್ಪೈಗ್ಲಾಸ್‌ಗೆ ಪಾಲಿತ್ತು. ಆದರೆ ಮೈಕ್ರೋಸಾಫ್ಟ್ ಅದನ್ನು ವಿಂಡೋಸ್ ಜೊತೆ ಉಚಿತವಾಗಿ ಹಂಚಿದ್ದರಿಂದ ಹಂಚಿಕೊಳ್ಳಲು ಆದಾಯವೇ ಹುಟ್ಟಲಿಲ್ಲ. ಇದರಿಂದ ಎದ್ದ ತಕರಾರು 1997ರಲ್ಲಿ 80 ಲಕ್ಷ ಡಾಲರಿಗೆ ಬಗೆಹರಿಯಿತು.