ಕುದುರೆಪಂದ್ಯವೂ ಅದರ ಬರವಣಿಗೆಯೂ

ಸಂಸ್ಕೃತ ಪಾಠಶಾಲೆಯಲ್ಲಿ ಅಮರಕೋಶವನ್ನು ಬಾಯಿಪಾಠಮಾಡಿ, ಮೂವತ್ತು ವರ್ಷಗಳಿಗೆ ಮೇಲ್ಪಟ್ಟು ಮಕ್ಕಳಿಗೆ ಪಾಠ ಹೇಳಿ, ಈಗ ಅಲ್ಲಾಳಸಂದ್ರದಲ್ಲಿ ವಿಶ್ರಾಂತಿಯಿಂದಿರುವ ಉಪಾಧ್ಯಾಯನೊಬ್ಬನು ಕುದುರೆಪಂದ್ಯದ ವಿಷಯವನ್ನೆತ್ತಿಕೊಂಡುದನ್ನು ಕಂಡು ವಾಚಕರಲ್ಲಿ ಕೆಲವರು ಹುಬ್ಬು ಗಂಟಿಕ್ಕಬಹುದು. ಅಂತಹವರಲ್ಲಿ ನನ್ನದೊಂದು ಅರಿಕೆಯುಂಟು. ನಾನು ಹದಿನೈದನೆಯ ವಯಸ್ಸಿನಿಂದ ಈವರೆಗೂ ಕುದುರೆಯ ಓಟವನ್ನು ನೋಡಿ ಸಂತೋಷಪಡುತ್ತ ಬಂದವನು. ಪಣವೊಡ್ಡಿದುದು ಬಹಳ ಕಡಮೆ, ಗೆದ್ದುದು ಅದಕ್ಕಿಂತಲೂ ಕಡಮೆ. ಪಂದ್ಯವನ್ನು ಹೊಗಳುವುದಾಗಲಿ ತೆಗಳುವುದಾಗಲಿ ಈ ಲೇಖನದ ಉದ್ದೇಶವಲ್ಲ. ಕುದುರೆಪಂದ್ಯಕ್ಕೆ ಒಂದಿಷ್ಟಾದರೂ ಮಾನವುಂಟಾದುದು ಅದರ ವಿಷಯವಾಗಿ ನಡೆದ ಬರವಣಿಗೆಯಿಂದ. ಆ ಬರವಣಿಗೆಯು ಕೆಟ್ಟಲ್ಲಿ ಉಳಿಯುವುದು ಬರಿಯ ಜೂಜು. ಇಷ್ಟನ್ನು ಇತಿಹಾಸದ ಆಧಾರದಿಂದ ತೋರಿಸಬೇಕೆಂಬುದೇ ನನ್ನ ಆಶಯವು.

ನನಗೆ ಈ ಅಭಿರುಚಿಯನ್ನು ಹತ್ತಿಸಿದವರು ನನ್ನ ಸೋದರಮಾವನವರು. ಅವರಿಗೆ ಈ ಊರಿನ ಕೆರೆಯ ಏರಿಯಾಚೆಗೆ ಒಂದಿಷ್ಟು ರಾಗಿಯ ಹೊಲವೂ ದ್ರಾಕ್ಷಿಯ ತೋಟವೂ ಇದ್ದುವು. ೧೯೭೫ರ ಸುಮಾರಿನಲ್ಲಿ ಅವರು ಪಂದ್ಯದ ದಿನಗಳಲ್ಲಿ ಬಳ್ಳಾರಿ ರಸ್ತೆಗೆ ನಡೆದುಹೋಗಿ, ಬಸ್ಸು ಹಿಡಿದು, ಬೆಂಗಳೂರಿನ ಹೈಗ್ರೌಂಡ್ಸಿನಲ್ಲಿರುವ ಮೈದಾನಕ್ಕೆ ಹೋಗುತ್ತಿದ್ದರು. ಅವರಿಗೆ ಇಂಗ್ಲಿಷು ಬಾರದು. ಪಂದ್ಯದ ಪುಸ್ತಕವಾದರೋ ಇಂಗ್ಲಿಷಿನಲ್ಲಿ. ಅದನ್ನು ಓದಿ ಹೇಳಲಿಕ್ಕೆ ನನ್ನನ್ನು ಜೊತೆಗೆ ಕರೆದೊಯ್ಯುವರು. ನನ್ನ ಇಂಗ್ಲಿಷೂ ಪಾಠಶಾಲೆಯ ಇಂಗ್ಲಿಷೇ. ಬೇಲಿಯ ಹೊರಗೆ ಮರದಡಿಯಲ್ಲಿ ಕುಳಿತು ಅಕ್ಷರ ಕೂಡಿಸಿ ನಾನು ಓದುವುದು, ಅವರು ಕೆಂಪು ರಟ್ಟಿನ ಲೆಕ್ಕದ ಪುಸ್ತಕದಲ್ಲಿ ಕನ್ನಡದಿಂದ ಬರೆದುಕೊಳ್ಳುವುದು, ಹೀಗೆ ನಡೆಯುತ್ತಿತ್ತು. ಕುದುರೆಯ ಹೆಸರು, ಹೊತ್ತ ಭಾರ, ಓಡಿದ ದೂರ, ಅಂದಿನ ನೆಲ ಹಸಿಯೋ ಒಣಗಿತ್ತೋ, ತಿರುವಿನಲ್ಲಿ ಎಲ್ಲಿತ್ತು, ಕೊನೆಯಲ್ಲಿ ಕುಗ್ಗಿತೋ ಮುನ್ನುಗ್ಗಿತೋ ಎಂಬಿಷ್ಟನ್ನೂ ಅವರು ಪ್ರತಿಯೊಂದು ಓಟದ ತರುವಾಯ ಬರೆದಿಡುವರು. ಆ ಪುಸ್ತಕವು ಈಗಲೂ ನನ್ನಲ್ಲಿದೆ. ನಾನು ಕಂಡ ಕುದುರೆಪಂದ್ಯದ ಕನ್ನಡ ಬರವಣಿಗೆಯಲ್ಲಿ ಅದಕ್ಕೆ ಸಮನಾದುದು ಮತ್ತೊಂದಿಲ್ಲ.

ಕುದುರೆಯ ಓಟವು ನಮ್ಮ ದೇಶಕ್ಕೆ ಪರಂಗಿಯವರೊಡನೆ ಬಂದುದೆಂಬ ನಂಬಿಕೆ ಜನರಲ್ಲಿದೆ. ಈಗಿನ ಕ್ರಮವು ಅವರದೆಂಬುದೇನೋ ನಿಜ. ಆದರೆ ಓಟದ ಸ್ಪರ್ಧೆಗೆ ವೇದದಲ್ಲಿಯೇ ಆಜಿಯೆಂಬ ಹೆಸರುಂಟು. ವಾಜಪೇಯಯಾಗದಲ್ಲಿ ಹದಿನೇಳು ರಥಗಳು ಓಡುವುವು. ಹದಿನೇಳು ಸಲ ಬಾಣವನ್ನೆಸೆದಷ್ಟು ದೂರದಲ್ಲಿ ಗುರಿಯನ್ನು ನೆಡುವರು. ಅಲ್ಲಿ ಗೆಲ್ಲತಕ್ಕವನು ಯಜಮಾನನೇ ಎಂದು ಮೊದಲೇ ನಿಶ್ಚಯವಾಗಿರುವುದು. ಯಾಗದಲ್ಲಿ ಅದು ವಿಧಿ. ಮೈದಾನದಲ್ಲಿ ಹಾಗಾದರೆ ಅದನ್ನು ಮೋಸವೆನ್ನುವೆವು. ಫಲವು ಮೊದಲೇ ಗೊತ್ತಾಗಿರಬಾರದು, ಆದರೆ ವಿಚಾರಮಾಡುವವನಿಗೆ ಊಹಿಸಲಶಕ್ಯವಾಗಿಯೂ ಇರಬಾರದು ಎಂಬ ಈ ಎರಡರ ನಡುವೆಯೇ ಪಂದ್ಯದ ಜೀವವಿರುವುದು.

ಈ ಸೂಕ್ಷ್ಮವನ್ನು ಮಹಾಭಾರತದ ವನಪರ್ವದಲ್ಲಿ ಬರುವ ನಳೋಪಾಖ್ಯಾನವು ಚೆನ್ನಾಗಿ ತಿಳಿಸುತ್ತದೆ. ಕನಕದಾಸರ ನಳಚರಿತ್ರೆಯಿಂದ ಕನ್ನಡಿಗರೆಲ್ಲರಿಗೂ ಈ ಕಥೆ ಪರಿಚಿತವಾದುದೇ. ದ್ಯೂತದಲ್ಲಿ ರಾಜ್ಯವನ್ನು ಕಳೆದುಕೊಂಡ ನಳನು ಬಾಹುಕನೆಂಬ ಹೆಸರಿನಿಂದ ಋತುಪರ್ಣನಿಗೆ ಸಾರಥಿಯಾದನಷ್ಟೆ. ವಿದರ್ಭದ ದಾರಿಯಲ್ಲಿ ಋತುಪರ್ಣನು ತಾರೆಯ ಮರವೊಂದನ್ನು ನೋಡಿದೊಡನೆಯೇ ಅದರ ಎಲೆಗಳನ್ನೂ ಕಾಯಿಗಳನ್ನೂ ಲೆಕ್ಕ ಹೇಳುತ್ತಾನೆ. ಹೊತ್ತು ಮೀರುತ್ತಿದ್ದರೂ ನಳನು ಅದನ್ನು ಹಾಗೆಯೇ ಒಪ್ಪುವುದಿಲ್ಲ; ರಥವನ್ನು ನಿಲ್ಲಿಸಿ, ಮರವನ್ನು ಕೆಡಹಿ, ಕಾಯಿಗಳನ್ನೆಣಿಸಿ ನೋಡಿ, ಆಮೇಲೆ ನಂಬುತ್ತಾನೆ. ಬಳಿಕ ನಳನ ಅಶ್ವಹೃದಯಕ್ಕೂ ಋತುಪರ್ಣನ ಅಕ್ಷಹೃದಯಕ್ಕೂ ವಿನಿಮಯವಾಗುತ್ತದೆ. ಕುದುರೆಯ ಮರ್ಮವೂ ದಾಳದ ಮರ್ಮವೂ ಎರಡು ಬೇರೆ ವಿದ್ಯೆಗಳೆಂದು ನಮ್ಮ ಹಿರಿಯರು ಬಲ್ಲರು. ಎಣಿಸಿ ನೋಡದೆ ನಂಬಬಾರದೆಂಬುದನ್ನೂ ಬಲ್ಲರು.

ಧರ್ಮಶಾಸ್ತ್ರದಲ್ಲಿಯೂ ಈ ವಿವೇಚನೆ ಕಾಣಬರುತ್ತದೆ. ಮನುವು ನಿರ್ಜೀವ ವಸ್ತುಗಳಿಂದಾಡುವುದನ್ನು ದ್ಯೂತವೆಂದೂ, ಪ್ರಾಣಿಗಳನ್ನು ಮುಂದಿಟ್ಟುಕೊಂಡು ಪಣವೊಡ್ಡುವುದನ್ನು ಸಮಾಹ್ವಯವೆಂದೂ ಬೇರ್ಪಡಿಸಿ, ರಾಜನು ಎರಡನ್ನೂ ನಿಲ್ಲಿಸಬೇಕೆನ್ನುತ್ತಾನೆ. ಕೌಟಿಲ್ಯನು ವ್ಯವಹಾರಜ್ಞನು, ಜೂಜನ್ನು ಒಂದೆಡೆಯಲ್ಲಿಯೇ ಅಧ್ಯಕ್ಷನ ಕಣ್ಣೆದುರಿಗೆ ನಡೆಸಿ, ಗೆದ್ದ ಹಣದಲ್ಲಿ ನೂರಕ್ಕೆ ಐದರಂತೆ ತೆಗೆದುಕೊಳ್ಳಬೇಕೆಂದು ವಿಧಿಸುತ್ತಾನೆ. ಸಮಾಹ್ವಯಕ್ಕೂ ಇದೇ ನಿಯಮವೆಂದು ಹೇಳಿ, ವಿದ್ಯೆ ಮತ್ತು ಶಿಲ್ಪದ ಸ್ಪರ್ಧೆಗಳನ್ನು ಮಾತ್ರ ಅದರಿಂದ ಹೊರಗಿಡುತ್ತಾನೆ. ಬಲ್ಮೆಯಿಂದ ಗೆಲ್ಲುವುದು ಜೂಜಲ್ಲವೆಂಬ ವಾದದ ಬೇರು ಅಷ್ಟು ಹಳೆಯದು.

ಕುದುರೆಯ ಶಾಸ್ತ್ರಕ್ಕೂ ನಮ್ಮ ನಾಡಿನಲ್ಲಿ ಕೊರತೆಯಿರಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದಾಳಿದ ಚಾಲುಕ್ಯ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ ಕುದುರೆಯ ವಾಹ್ಯಾಳಿಯನ್ನು ಅರಸರ ವಿನೋದಗಳಲ್ಲೊಂದಾಗಿ ವರ್ಣಿಸಿದ್ದಾನೆ. ದೇವರನ್ನು ಕುದುರೆಯ ವಾಹನದಲ್ಲಿ ಮೆರೆಸುವ ಉತ್ಸವಕ್ಕೆ ವೈಯಾಳಿಯೆನ್ನುವ ರೂಢಿಯಲ್ಲಿ ಆ ಮಾತು ಇಂದಿಗೂ ಉಳಿದಿದೆ. ಈಚಿನ ಕಾಲಕ್ಕೆ ಬಂದರೆ, ೧೮೨೪ರಲ್ಲಿ ಪಾರಸಿಕದೇಶದ ಷೀರಾಜಿನಿಂದ ಕುದುರೆಗಳೊಡನೆ ಬೆಂಗಳೂರಿಗೆ ಬಂದ ಆಗಾ ಆಲಿ ಅಸ್ಕರನ ಹೆಸರನ್ನು ಹೇಳಬೇಕು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲರು ಈತನ ಮೊಮ್ಮಗನು. ಅರಮನೆಗೂ ದಂಡಿಗೂ ಕುದುರೆ ಮಾರಿದ ಈತನ ನೆನಪನ್ನು ಹೈಗ್ರೌಂಡ್ಸಿಗೆ ದೂರವಲ್ಲದ ಆಲಿ ಅಸ್ಕರ್ ರಸ್ತೆಯು ಉಳಿಸಿಕೊಂಡಿದೆ. ಟಿಪ್ಪುವಿನ ಕಾಲದಿಂದ ಬಂದ ಕುಣಿಗಲ್ಲಿನ ಕುದುರೆಫಾರಮ್ಮು ಎಲ್ಲರೂ ಬಲ್ಲುದೇ. ೧೯೧೮ನೆಯ ಸೆಪ್ಟೆಂಬರ್ ೨೩ರಂದು ಹೈಫಾ ಪಟ್ಟಣವನ್ನು ಗೆದ್ದವರಲ್ಲಿ ಮೈಸೂರು ಲ್ಯಾನ್ಸರ್ಸ್ ರಾವುತರೂ ಇದ್ದರು. ಅವರ ಸ್ಮಾರಕವು ನಮಗೆ ಸಮೀಪದ ಜೆ. ಸಿ. ನಗರದಲ್ಲಿದೆ. ಚಾಮರಾಜೇಂದ್ರ ಒಡೆಯರವರ ಆಳಿಕೆಯಲ್ಲಿ ೧೮೯೧ರಲ್ಲಿ ಮೈಸೂರು ರೇಸ್ ಕ್ಲಬ್ಬು ಸ್ಥಾಪಿತವಾಯಿತು. ೧೯೩೨ರಲ್ಲಿ ಪಣದ ಮೇಲೆ ತೆರಿಗೆಯ ಶಾಸನವೂ, ೧೯೫೨ರಲ್ಲಿ ಪಂದ್ಯದ ಮೈದಾನಗಳಿಗೆ ಪರವಾನಗಿಯ ಶಾಸನವೂ ಮೈಸೂರು ಸಂಸ್ಥಾನದಲ್ಲಿ ಜಾರಿಗೆ ಬಂದುವು. ಬೆಂಗಳೂರು ಟರ್ಫ್ ಕ್ಲಬ್ಬು ಈಗಿನ ರೂಪವನ್ನು ತಾಳಿದುದು ೧೯೬೨ರಲ್ಲಿ.

ಹೀಗೆ ಕುದುರೆಯೂ ಇತ್ತು, ಸವಾರನೂ ಇದ್ದನು, ಪಣವೂ ಇತ್ತು. ಇಲ್ಲದಿದ್ದುದು ಒಂದೇ: ಓಟಗಳ ದಾಖಲೆ. ಆ ಕೆಲಸವನ್ನು ಮೊದಲು ಮಾಡಿದ ಕೀರ್ತಿಯು ಇಂಗ್ಲೆಂಡಿಗೆ ಸಲ್ಲಬೇಕು. ೧೭೨೭ರಲ್ಲಿ ಜಾನ್ ಚೀನಿ ಎಂಬಾತನು ಆ ದೇಶದ ಪಂದ್ಯಗಳ ಫಲಗಳನ್ನೆಲ್ಲ ಕೂಡಿಸಿ ಅಚ್ಚುಹಾಕಿಸಿದನು. ೧೭೭೩ರಲ್ಲಿ ಜೇಮ್ಸ್ ವೆದರ್ಬಿಯ ರೇಸಿಂಗ್ ಕ್ಯಾಲೆಂಡರು ಹೊರಟಿತು. ೧೭೯೧ರಲ್ಲಿ ಕುದುರೆಗಳ ವಂಶಾವಳಿಯ ಗ್ರಂಥವು ಬಂದಿತು. ೧೮೯೪ರಲ್ಲಿ ಅಮೆರಿಕದ ಷಿಕಾಗೋ ನಗರದಲ್ಲಿ ಆರಂಭವಾದ ಡೈಲಿ ರೇಸಿಂಗ್ ಫಾರಮ್ ಎಂಬ ಪತ್ರಿಕೆಯು ಮುಂದೆ ಪ್ರತಿಯೊಂದು ಕುದುರೆಯ ಹಿಂದಿನ ಓಟಗಳನ್ನು ಒಂದೊಂದು ಸಾಲಿನಲ್ಲಿ ಅಡಕವಾಗಿ ಕೊಡುವ ಪದ್ಧತಿಗೆ ಹೆಸರಾಯಿತು. ಇದರ ಪರಿಣಾಮವನ್ನು ಗಮನಿಸಬೇಕು. ದಾಖಲೆಯಿಲ್ಲದಾಗ ಕುದುರೆಯ ಗುಣವು ಅದರ ಒಡೆಯನಿಗೂ ಲಾಯದವನಿಗೂ ಮಾತ್ರ ತಿಳಿದಿರುತ್ತಿತ್ತು. ಮಿಕ್ಕವರಿಗೆ ಅದು ದಾಳದಂತೆಯೇ. ಅಚ್ಚಿನ ದಾಖಲೆಯಿಂದ ಎರಡಾಣೆಯ ಬಡವನೂ ವಿಚಾರಮಾಡಿ ನಿರ್ಣಯಿಸಬಲ್ಲವನಾದನು.

ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯವು ೧೯೯೬ರ ಜನವರಿಯಲ್ಲಿ ಕೊಟ್ಟ ತೀರ್ಪಿನ ತಾತ್ಪರ್ಯವೂ ಇದಕ್ಕೆ ಹೊಂದುವುದು. ಮದರಾಸಿನ ಸರ್ಕಾರವು ೧೯೭೪ರ ಶಾಸನದಿಂದ ಪಂದ್ಯಗಳನ್ನು ನಿಲ್ಲಿಸಲೆಳಸಿತ್ತು. ಲಕ್ಷ್ಮಣನ್ ಎಂಬವರ ಹೆಸರಿನಿಂದ ಪ್ರಸಿದ್ಧವಾದ ಮೊಕದ್ದಮೆಯಲ್ಲಿ, ಕುದುರೆಪಂದ್ಯವು ಮುಖ್ಯವಾಗಿ ಕೌಶಲವನ್ನವಲಂಬಿಸಿದ ಆಟ, ಅದು ಜೂಜಲ್ಲ ಎಂದು ನ್ಯಾಯಾಧೀಶರು ನಿರ್ಣಯಿಸಿದರು. ಕುದುರೆಯ ವಂಶ, ಶಿಕ್ಷಣ, ಸವಾರನ ಚಾತುರ್ಯ ಇವೆಲ್ಲವನ್ನೂ ತಿಳಿದು ತೂಗಿ ನೋಡಬಹುದೆಂಬುದೇ ಇದಕ್ಕೆ ಆಧಾರ. ಹಾಗಾದರೆ ವಾಚಕರೇ ಹೇಳಲಿ: ತಿಳಿಯಬೇಕಾದುದನ್ನು ತಿಳಿಸುವವರಿಲ್ಲದಿದ್ದರೆ ಕೌಶಲವೆಲ್ಲಿಂದ ಬಂದೀತು? ಪಂದ್ಯವು ಜೂಜಲ್ಲವೆಂಬ ಮಾತನ್ನು ನ್ಯಾಯಾಲಯವು ಒಮ್ಮೆ ಹೇಳಬಹುದು. ಅದನ್ನು ಪ್ರತಿವಾರವೂ ನಿಜಮಾಡಿ ತೋರಿಸಬೇಕಾದವರು ಪತ್ರಿಕೆಯವರು.

ನಮ್ಮ ಭಾಷೆಯಲ್ಲಿ ಈ ಕೆಲಸವು ನಡೆದಿದೆಯೇ? ಪಂದ್ಯದ ದಿನ ನಾನು ಕಾಣುವುದು ಸಾಮಾನ್ಯವಾಗಿ ಇಷ್ಟು: ಓಟದ ಸಂಖ್ಯೆ, ಗೆಲ್ಲಬಹುದಾದ ಮೂರು ಕುದುರೆಗಳ ಹೆಸರು, ಕೊನೆಯಲ್ಲಿ ಅಂದಿನ ಉತ್ತಮವಾದ ಪಣವೆಂದು ಒಂದು ಹೆಸರು. ಏಕೆಂಬ ಪ್ರಶ್ನೆಗೆ ಉತ್ತರವಿಲ್ಲ. ಮರುದಿನ ಗೆದ್ದವುಗಳ ಹೆಸರೂ ಹಂಚಿದ ಹಣವೂ ಇರುವುದೇ ಹೊರತು, ನಿನ್ನೆಯ ಊಹೆಯು ಏಕೆ ತಪ್ಪಿತೆಂಬ ಒಂದು ಮಾತೂ ಇರುವುದಿಲ್ಲ. ಪರೀಕ್ಷೆಯಲ್ಲಿ ಉತ್ತರವನ್ನು ಮಾತ್ರ ಬರೆದು ಲೆಕ್ಕವನ್ನು ತೋರಿಸದ ವಿದ್ಯಾರ್ಥಿಗೆ ನಾನು ಅಂಕ ಕೊಟ್ಟವನಲ್ಲ.

ಅಧಿಕಭಾರದ ಪಂದ್ಯಗಳನ್ನೇ ತೆಗೆದುಕೊಳ್ಳೋಣ. ಬಲವಾದ ಕುದುರೆಗೆ ಹೆಚ್ಚು ಭಾರವನ್ನೂ ದುರ್ಬಲಕ್ಕೆ ಕಡಮೆ ಭಾರವನ್ನೂ ಹೊರಿಸಿ, ಎಲ್ಲವೂ ಒಟ್ಟಿಗೆ ಗುರಿಮುಟ್ಟುವಂತೆ ಮಾಡುವುದು ಭಾರ ನಿಗದಿಮಾಡುವವನ ಕೆಲಸ. ಆದುದರಿಂದ ಕಳೆದ ಸಲ ಗೆದ್ದುದೇ ಈ ಸಲ ಗೆಲ್ಲಬೇಕೆಂಬ ನಿಯಮವಿಲ್ಲ. ನಾಲ್ಕನೆಯದಾಗಿ ಬಂದ ಕುದುರೆಯು ಕಟಕಟೆಯ ಪಕ್ಕದಲ್ಲಿ ಸಿಕ್ಕಿಬಿದ್ದು, ದಾರಿ ಬಿಟ್ಟಮೇಲೆ ಎಲ್ಲಕ್ಕಿಂತ ವೇಗವಾಗಿ ಓಡಿರಬಹುದು. ಇದನ್ನು ಕಣ್ಣಿಟ್ಟು ನೋಡಿ ಬರೆಯುವುದೇ ವರದಿಗಾರನ ಧರ್ಮ. ಕುದುರೆಯ ನಡಗೆಗೆ ಅಮರಕೋಶದಲ್ಲಿ ವಲ್ಗಿತ, ಪ್ಲುತ ಮೊದಲಾಗಿ ಐದು ಹೆಸರುಗಳಿವೆ. ಕನ್ನಡದಲ್ಲಿ ದೌಡು, ನಾಗಾಲೋಟ, ಕುಕ್ಕುಲೋಟಗಳಿವೆ. ಮಾತಿಗೆ ಬಡತನವಿಲ್ಲ. ಬೆಂಗಳೂರಿನಲ್ಲಿದ್ದುಕೊಂಡು ಕುದುರೆಗಳನ್ನು ಪಳಗಿಸಿದ ರಶೀದ್ ಬೈರಾಮ್‌ಜಿಯವರು ಇಂಡಿಯನ್ ಡರ್ಬಿಯನ್ನು ಹನ್ನೆರಡು ಸಲ ಗೆಲ್ಲಿಸಿದವರು. ಅವರ ಗೆಲವಿನ ಸುದ್ದಿಯನ್ನು ಕನ್ನಡದಲ್ಲಿ ಓದಿದ್ದೇನೆ. ಅವರ ಶಿಕ್ಷಣಕ್ರಮದ ವಿವರಣೆಯನ್ನು ಓದಿದ ನೆನಪಿಲ್ಲ.

ಇನ್ನೊಂದು ದೋಷವು ಲೆಕ್ಕಕ್ಕೆ ಸಂಬಂಧಪಟ್ಟುದು. ಟೋಟಿನ ಪದ್ಧತಿಯಲ್ಲಿ ಎಲ್ಲರ ಹಣವೂ ಒಂದೆಡೆ ಸೇರಿ, ತೆರಿಗೆ ಮತ್ತು ಖರ್ಚನ್ನು ಕಳೆದು, ಉಳಿದುದು ಗೆದ್ದವರಿಗೆ ಹಂಚಿಕೆಯಾಗುವುದು. ಉದಾಹರಣೆಗೆ ಹಂಚತಕ್ಕ ಹಣವು ೮೦೦ ರೂಪಾಯಿಯೆಂದಿಟ್ಟುಕೊಳ್ಳಿ. ಗೆದ್ದ ಕುದುರೆಯ ಮೇಲೆ ಜನರು ೧೦೦ ರೂಪಾಯಿ ಕಟ್ಟಿದ್ದರೆ ರೂಪಾಯಿಗೆ ೮ ರೂಪಾಯಿ. ೪೦೦ ಕಟ್ಟಿದ್ದರೆ ೨ ರೂಪಾಯಿ ಮಾತ್ರ. ಸಾವಿರಾರು ಮಂದಿಗೆ ಒಂದೇ ಹೆಸರನ್ನು ಹೇಳುವ ಪತ್ರಿಕೆಯು, ತನ್ನ ಊಹೆ ಸರಿಯಾದಾಗಲೂ ಅದರ ಫಲವನ್ನು ತಾನೇ ಕರಗಿಸುವುದು. ತಪ್ಪಾದಾಗ ಎಲ್ಲರನ್ನೂ ಒಟ್ಟಿಗೆ ಮುಳುಗಿಸುವುದು. ಕಾರಣಗಳನ್ನು ತಿಳಿಸಿ ನಿರ್ಣಯವನ್ನು ಓದುಗನಿಗೆ ಬಿಟ್ಟಿದ್ದರೆ ಈ ಎರಡು ಅನರ್ಥಗಳೂ ತಪ್ಪುತ್ತಿದ್ದುವು.

ಇದನ್ನು ನಾನು ನಮ್ಮ ಮನೆಯಲ್ಲಿಯೇ ಕಂಡೆನು. ಎಂಟು ವರ್ಷಗಳವರೆಗೆ ಕೆಂಪು ಪುಸ್ತಕವನ್ನು ನಂಬಿದ್ದ ಮಾವನವರು ಹೆಚ್ಚು ಗೆದ್ದವರೂ ಅಲ್ಲ, ಹೆಚ್ಚು ಸೋತವರೂ ಅಲ್ಲ. ಕಣ್ಣು ಮಂಜಾದ ಮೇಲೆ, ನಾನು ಬೇರೆ ಊರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ, ಬರೆಯುವ ಶ್ರಮವೇಕೆಂದು ಅವರು ಅಚ್ಚಾದ ಮೂರು ಹೆಸರುಗಳನ್ನು ನಂಬತೊಡಗಿದರು. ಆ ಚೀಟಿ ಯಾವುದೆಂದು ಹೇಳುವುದರಿಂದ ಪ್ರಯೋಜನವಿಲ್ಲ. ಮೂರು ವರ್ಷಗಳಲ್ಲಿ ರಾಗಿಯ ಹೊಲವು ಹೋಯಿತು. ಅವರು ಯಾರನ್ನೂ ದೂರಲಿಲ್ಲ. ‘ನಾನು ನೋಡುವುದನ್ನು ಬಿಟ್ಟೆ, ಅಷ್ಟೆ’ ಎಂದರು. ಅವರ ತಪ್ಪು ಅವರದೇ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕಣ್ಣಿಲ್ಲದವನಿಗೆ ಕಣ್ಣಾಗಬೇಕಾದ ಬರವಣಿಗೆಯು ಬರಿಯ ಕೈಮರವಾಗಿ ನಿಂತಿದ್ದಿತಲ್ಲವೆ?

ಈ ವಿಷಯದಲ್ಲಿ ಸರ್ಕಾರದ ನಡವಳಿಕೆಯೂ ವಿಚಾರಾರ್ಹವಾದುದು. ೨೦೦೯ರ ಕೊನೆಗೆ ಹೈಗ್ರೌಂಡ್ಸಿನ ಮೈದಾನದ ಗುತ್ತಿಗೆಯು ಮುಗಿದ ಮೇಲೆ, ಅದನ್ನು ನಮ್ಮ ಬಳ್ಳಾರಿ ರಸ್ತೆಯಲ್ಲಿಯೇ ಉತ್ತರಕ್ಕಿರುವ ಚಿಕ್ಕಜಾಲದ ಕಡೆಗೆ ಸಾಗಿಸುವ ಮಾತು ನಡೆದು, ಈ ಭಾಗದ ಹಳ್ಳಿಗಳಲ್ಲೆಲ್ಲ ಚರ್ಚೆಯಾಯಿತು. ೨೦೨೩ರ ಅಕ್ಟೋಬರಿನಿಂದ ಪಣದ ಪೂರ್ಣ ಮೊತ್ತದ ಮೇಲೆ ನೂರಕ್ಕೆ ೨೮ರಂತೆ ಸರಕು ಸೇವಾ ತೆರಿಗೆ ಬಿದ್ದಿತು. ೨೦೨೫ರ ಸೆಪ್ಟೆಂಬರಿನಲ್ಲಿ ಅದು ೪೦ಕ್ಕೇರಿತು. ಗೆದ್ದ ಹಣದಲ್ಲಿ ಐದನ್ನು ಕೇಳಿದ ಕೌಟಿಲ್ಯನೆಲ್ಲಿ, ಒಡ್ಡಿದ ಹಣದ ಮೇಲೆಯೇ ನಲವತ್ತನ್ನು ಹೇರುವ ಈ ಕಾಲವೆಲ್ಲಿ! ನ್ಯಾಯಾಲಯವು ಕೌಶಲವೆಂದುದನ್ನು ತೆರಿಗೆಯವರು ಜೂಜಿನ ಪಂಕ್ತಿಯಲ್ಲಿಯೇ ಕೂರಿಸಿರುವರು. ಅವರನ್ನು ಪೂರ್ಣವಾಗಿ ದೂಷಿಸಲಾರೆನು. ಅವರ ಕಣ್ಣಿಗೆ ಬೀಳುವುದೂ ಆ ಮೂರು ಹೆಸರುಗಳೇ. ಕೌಶಲವನ್ನು ತೋರಿಸುವ ಬರವಣಿಗೆಯು ಅವರಿಗೂ ಕಂಡಿಲ್ಲ.

ಕನ್ನಡದಲ್ಲಿ ಪಂದ್ಯವನ್ನು ಬರೆಯುವ ತರುಣರಲ್ಲಿ ನನ್ನ ಬಿನ್ನಹವಿಷ್ಟೆ. ಹೆಸರನ್ನು ಹೇಳುವ ಮೊದಲು ಕಾರಣವನ್ನು ಹೇಳಿರಿ. ಸೋತ ಕುದುರೆಯನ್ನೂ ನೋಡಿರಿ. ನಿನ್ನೆಯ ತಪ್ಪನ್ನು ಇಂದು ಒಪ್ಪಿಕೊಳ್ಳಿರಿ. ತಿಳಿಯದ ಓಟದಲ್ಲಿ ತಿಳಿಯದೆನ್ನಿರಿ; ಆ ಒಂದು ಮಾತಿನಿಂದ ಎಷ್ಟೋ ಮನೆಗಳ ಹಣ ಉಳಿದೀತು. ನಳನು ಅಷ್ಟು ಅವಸರದಲ್ಲಿಯೂ ರಥವನ್ನು ನಿಲ್ಲಿಸಿ ಕಾಯಿಗಳನ್ನೆಣಿಸಿದನು. ಕಲಿಯು ಅವನನ್ನು ಬಿಟ್ಟುಹೋದುದು ಅದರ ತರುವಾಯವೇ. ಮಾವನವರ ಪುಸ್ತಕದಲ್ಲಿ ಇನ್ನೂ ಹನ್ನೊಂದು ಹಾಳೆಗಳು ಬರಿದಾಗಿವೆ. ಯಾರಾದರೂ ಬಂದು ನೋಡುವುದಾದರೆ ಸಂತೋಷದಿಂದ ತೋರಿಸುವೆನು.